ನಿಜವಾಗಿ ನಂಬಿದವರು ನಂಬಿಕೆಯಿಂದ ಬಿದ್ದುಹೋಗಬಲ್ಲರೇ?

ಪ್ರಶ್ನೆ (ಹಾಸನ):
ನನಗೆ ಸತ್ಯವೇದವನ್ನು ಓದಲು ಕಲಿಸಿದವರು ನನ್ನ ದೊಡ್ಡಣ್ಣ. ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ಅವರು, ಮುಂಗಾರಿನ ಜಡಿಮಳೆಯಲ್ಲೂ ಭಾನುವಾರದ ಆರಾಧನೆಯನ್ನು ತಪ್ಪಿಸಿದವರಲ್ಲ. ಅತ್ತಿಗೆ ತೀರಿಕೊಂಡ ಮೇಲೆ, ಆರು ವರ್ಷಗಳಿಂದ, ದೇವಾಲಯದ ಮೆಟ್ಟಿಲು ಹತ್ತಿಲ್ಲ. ತಮ್ಮಲ್ಲಿ ನಂಬಿಕೆಯೇ ಉಳಿದಿಲ್ಲವೆಂದು ನೇರವಾಗಿ ಹೇಳುತ್ತಾರೆ. ಸಭೆಯ ಹಿರಿಯರೊಬ್ಬರು 1 ಯೋಹಾನ 2:19ನ್ನು ತೋರಿಸಿ, ಅವರು ನಮ್ಮವರಾಗಿದ್ದರೆ ನಮ್ಮೊಂದಿಗೇ ಉಳಿಯುತ್ತಿದ್ದರು, ಆದ್ದರಿಂದ ಎಂದೂ ವಿಶ್ವಾಸಿಯಾಗಿರಲೇ ಇಲ್ಲ ಎಂದುಬಿಟ್ಟರು. ಅತ್ತಿಗೆಯ ಹಾಸಿಗೆಯ ಪಕ್ಕದಲ್ಲಿ ಮೊಣಕಾಲೂರಿ ಅಣ್ಣ ಮಾಡಿದ ಪ್ರಾರ್ಥನೆಯನ್ನು ಕಿವಿಯಾರೆ ಕೇಳಿದ ನನಗೆ ಇದನ್ನು ಒಪ್ಪಲಾಗುತ್ತಿಲ್ಲ. ತನ್ನ ಕುರಿಗಳನ್ನು ಯಾರೂ ತನ್ನ ಕೈಯಿಂದ ಕಸಿದುಕೊಳ್ಳಲಾರರೆಂಬ ಯೋಹಾನ 10:28ರ ಮಾತನ್ನೂ ಬಿದ್ದುಹೋದವರನ್ನು ಮತ್ತೆ ಪಶ್ಚಾತ್ತಾಪಕ್ಕೆ ತರಲಾಗದೆಂಬ ಇಬ್ರಿಯ 6:4–6ರ ಎಚ್ಚರಿಕೆಯನ್ನೂ ಒಟ್ಟಿಗೆ ಓದುವುದು ಹೇಗೆ?

ಉತ್ತರ 1 (ಬೇಲೂರು):
ಆ ಹಿರಿಯರು ಆಧಾರವಾಗಿ ಹಿಡಿದಿರುವ, ನಿಜವಾದ ವಿಶ್ವಾಸಿ ಕಡೆಗೂ ಬಿದ್ದುಹೋಗನೆಂಬ ಬೋಧನೆಯನ್ನು ನಾನೂ ನಂಬುತ್ತೇನೆ. ಆದರೆ ಅದನ್ನು ಅವರು ಪೂರ್ತಿಯಾಗಿ ಹೇಳಿಲ್ಲ. ಡಚ್ ದೇವತಾಶಾಸ್ತ್ರಜ್ಞ ಅರ್ಮೀನಿಯಸ್‌ನ ಅನುಯಾಯಿಗಳು 1610ರಲ್ಲಿ ಮುಂದಿಟ್ಟ ಐದು ಅಂಶಗಳಲ್ಲಿ ಕೊನೆಯದು ಇದೇ ಪ್ರಶ್ನೆಯನ್ನು ತೀರ್ಮಾನಿಸದೆ, ವೇದವಾಕ್ಯದಿಂದ ಇನ್ನಷ್ಟು ವಿಚಾರಿಸಬೇಕೆಂದು ಬಿಟ್ಟಿತ್ತು. ಅದಕ್ಕೆ ಉತ್ತರವಾಗಿ 1618–19ರಲ್ಲಿ ಹಾಲೆಂಡಿನ ಡಾರ್ಟ್ ನಗರದಲ್ಲಿ ಸೇರಿದ ಮಹಾಸಭೆ, ದೇವರು ತಾನು ಆರಿಸಿಕೊಂಡವರನ್ನು ಕಡೆಯವರೆಗೂ ಕಾಯುತ್ತಾನೆಂದು ಸಾರಿತು. ಅದೇ ಸಭೆ ದಾವೀದ ಮತ್ತು ಪೇತ್ರರ ಪತನವನ್ನು ನೆನಪಿಸಿ, ನಿಜವಾದ ವಿಶ್ವಾಸಿಯೂ ಘೋರವಾಗಿ ಬೀಳಬಹುದು, ಕೆಲಕಾಲ ಕೃಪೆಯ ಅನುಭವವನ್ನೇ ಕಳೆದುಕೊಳ್ಳಬಹುದು ಎಂದೂ ಬರೆಯಿತು. ಹಾಗಿರುವಾಗ, ಬದುಕಿರುವ ಮನುಷ್ಯನೊಬ್ಬನ ಬಗ್ಗೆ ‘ಎಂದೂ ನಂಬಿರಲಿಲ್ಲ’ ಎಂಬ ತೀರ್ಪನ್ನು ಕೊಡುವ ಅಧಿಕಾರ ನಮಗೆ ಎಲ್ಲಿಂದ ಬಂತು? ಪೇತ್ರನು ಅಂಗಳದಲ್ಲಿ ಮೂರನೆಯ ಸಲ ಆಣೆಯಿಟ್ಟು ಯೇಸುವನ್ನು ಅಲ್ಲಗಳೆದ ಗಳಿಗೆಯಲ್ಲಿ ಪಕ್ಕದಲ್ಲಿದ್ದವರು ಇದೇ ತೀರ್ಪನ್ನು ಕೊಡುತ್ತಿದ್ದರು. ಅವನ ನಂಬಿಕೆ ಕುಂದಬಾರದೆಂದು ಯೇಸು ಮೊದಲೇ ಬೇಡಿಕೊಂಡಿದ್ದನೆಂಬುದು (ಲೂಕ 22:32) ಅವರಿಗೆ ಗೊತ್ತಿರಲಿಲ್ಲ.

ಉತ್ತರ 2 (ಹಾಸನ):
ನಾನು ಮೆಥಡಿಸ್ಟ್ ಮನೆತನದವನು. ನಮ್ಮ ಪಂಥದ ಸ್ಥಾಪಕರಾದ ವೆಸ್ಲಿಯವರಂತೆ, ನಿಜವಾಗಿ ನಂಬಿದವನೂ ಬಿದ್ದುಹೋಗಬಹುದೆಂದೇ ತಿಳಿದಿದ್ದೇನೆ. ಬೆಳಕನ್ನು ಹೊಂದಿ, ಪರಲೋಕದ ವರವನ್ನು ರುಚಿನೋಡಿ, ಪವಿತ್ರಾತ್ಮನಲ್ಲಿ ಪಾಲುಗಾರರಾದವರೆಂದು ಇಬ್ರಿಯರ ಪತ್ರಿಕೆ ವರ್ಣಿಸುವವರನ್ನು ಬರೀ ಹೆಸರಿಗೆ ಕ್ರೈಸ್ತರಾಗಿದ್ದವರೆಂದು ಓದಲು ನನ್ನಿಂದಾಗದು. ಆದರೂ ಅಲ್ಲಿ ಬಾಗಿಲು ಮುಚ್ಚಿತೆಂದು ಹೇಳಲಾರೆ: ರೋಮಾಪುರ 11:23ರಲ್ಲಿ, ಮುರಿದುಹೋದ ಕೊಂಬೆಗಳು ಅಪನಂಬಿಕೆಯಲ್ಲಿ ನಿಲ್ಲದಿದ್ದರೆ ದೇವರು ಅವನ್ನು ತಿರುಗಿ ಕಸಿಕಟ್ಟಲು ಶಕ್ತನೆಂದು ಪೌಲನು ಬರೆಯುತ್ತಾನೆ. 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದಾದವರಲ್ಲಿ ಮೆಥಡಿಸ್ಟರೂ, ಡಾರ್ಟ್‌ನಂತಹ ಬೋಧನೆಯ ಪರಂಪರೆಯವರಾದ ಪ್ರೆಸ್ಬಿಟೇರಿಯನ್ನರೂ ಇದ್ದರು. ಹೀಗಾಗಿ ಉತ್ತರ 1ನ್ನು ಬರೆದವರೂ ನಾನೂ ಒಂದೇ ಪ್ರಭುಭೋಜನದ ಮೇಜಿಗೆ ಬರಬಲ್ಲೆವು.

ಉತ್ತರ 3 (ಚಿಕ್ಕಮಗಳೂರು):
ಕಥೋಲಿಕ ಬೋಧನೆಯನ್ನೂ ಸೇರಿಸುತ್ತೇನೆ. 1547ರಲ್ಲಿ ಟ್ರೆಂಟ್ ಮಹಾಸಭೆ, ಒಮ್ಮೆ ಪಡೆದ ಕೃಪೆಯನ್ನು ಮಾರಕ ಪಾಪದಿಂದ ಕಳೆದುಕೊಳ್ಳಬಹುದೆಂದೂ, ಪಶ್ಚಾತ್ತಾಪಪಟ್ಟು ಪಾಪನಿವೇದನೆಯ ಸಂಸ್ಕಾರದ ಮೂಲಕ ಅದನ್ನು ಮರಳಿ ಪಡೆಯಬಹುದೆಂದೂ ತೀರ್ಮಾನಿಸಿತು. ಇದರಂತೆ ತಮ್ಮ ಅಣ್ಣನವರ ಹಿಂದಿನ ಪ್ರಾರ್ಥನೆಯನ್ನು ಸುಳ್ಳೆನ್ನಬೇಕಾದ ಅಗತ್ಯವೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು:
ಮೂವರಿಗೂ ಕೃತಜ್ಞತೆಗಳು. ಹಿರಿಯರ ಮಾತು ಅಣ್ಣನ ಕಿವಿಗೂ ಬಿದ್ದಿದೆ. ‘ಹಾಗಾದರೆ ಅವಳಿಗಾಗಿ ನಾನು ಬೇಡಿದ್ದೂ ಸುಳ್ಳೇ?’ ಎಂದು ಒಮ್ಮೆ ಕೇಳಿದ್ದರು, ಆಗ ಉತ್ತರ ಕೊಡಲು ನನಗೆ ತಿಳಿಯಲಿಲ್ಲ. ಈ ಭಾನುವಾರ ಆರಾಧನೆ ಮುಗಿಸಿಕೊಂಡು ಸಕಲೇಶಪುರದ ಬಸ್ಸು ಹತ್ತುತ್ತೇನೆ.