ಗ್ರೂಪ್ ಫೋಟೊದಲ್ಲಿ ಬಲತುದಿಯ ಮಕ್ಕಳ ಮುಖ ಮಸುಕು: ಲೆನ್ಸ್ ಅಳೆಯೋದು ಹೆಂಗೆ?

ಮಂಡಿಪೇಟೆ ಸ್ಟುಡಿಯೊ (ದಾವಣಗೆರೆ):
ಹದಿನಾರು ವರ್ಷದಿಂದ ಸ್ಟುಡಿಯೊ ನಡೆಸ್ತಿದೀನಿ. ಹೋದ ವಾರ ಒಂದು ಶಾಲೆಯ ಹತ್ತನೇ ಕ್ಲಾಸಿನ ಗ್ರೂಪ್ ಫೋಟೊ ತೆಗೆದೆ. 58 ಮಕ್ಕಳು, ನಾಲ್ಕು ಸಾಲು. ಪ್ರಿಂಟ್ ಕೊಟ್ಟ ಮಾರನೇ ದಿನ ಒಬ್ಬ ತಾಯಿ ಅಂಗಡಿಗೆ ಬಂದ್ರು. ಮೂರನೇ ಸಾಲಿನ ಬಲತುದಿಗೆ ಬೆರಳಿಟ್ಟು, "ಇವಳು ನನ್ನ ಮಗಳು ಅಂತ ನನಗೇ ಗುರುತು ಸಿಗ್ತಿಲ್ಲ ಅಣ್ಣಾ" ಅಂದ್ರು. ನೋಡಿದ್ರೆ, ನಡುವೆ ಕೂತ ಮೇಷ್ಟ್ರ ಅಂಗಿ ಗುಂಡಿಯ ತೂತು ಎಣಿಸಬಹುದು. ಆ ಹುಡುಗಿಗೆ ಕಣ್ಣರೆಪ್ಪೆನೇ ಇಲ್ಲ, ಜಡೆಯ ರಿಬ್ಬನ್ ಬಿಳೀ ಹತ್ತಿ ಹಂಗೆ ಹರಡಿಕೊಂಡೈತೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಫುಲ್ ಫ್ರೇಮ್‌ಗಿಂತ ಸಣ್ಣ ಸೆನ್ಸರ್) ಕ್ಯಾಮೆರಾ, ಸೆಕೆಂಡ್ ಹ್ಯಾಂಡ್ ಲೆನ್ಸ್, ಎಫ್/16, ಅಂದ್ರೆ ಲೆನ್ಸಿನ ಕಿಂಡಿ ಬಹಳ ಕಿರಿದು ಮಾಡಿ. ಗೋಡೆಗೆ ನ್ಯೂಸ್ ಪೇಪರ್ ಅಂಟಿಸಿ ನೋಡಿದೆ. ಒಂದ್ಸಲ ಬಲಗಡೆ ಮಸುಕು, ಇನ್ನೊಂದ್ಸಲ ಎಡಗಡೆ. ಮಾರಿದವರು "ಎಲ್ಲಾ ಲೆನ್ಸೂ ಹಂಗೇ" ಅಂತಾರೆ. ತೂಕಕ್ಕೆ ಕೆಜಿ ಇದ್ದ ಹಂಗೆ ಶಾರ್ಪ್‌ನೆಸ್‌ಗೆ ಎಲ್ಲರೂ ಒಪ್ಪೋ ಅಳತೆ ಐತಾ?

ಕೋಟೆ ಮೇಷ್ಟ್ರು (ಚಿತ್ರದುರ್ಗ):
ಇದೆ. ನಾನು ಭೌತಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು, ಈಗ ಶಾಸನಗಳ ಫೋಟೊ ತೆಗೆಯುತ್ತೇನೆ. ಯಾವುದು ಅಕ್ಷರದ ಗೀರು, ಯಾವುದು ಬಂಡೆಯ ಬಿರುಕು ಎಂದು ತಿಳಿಯದೆ ನಾನೂ ಈ ಪ್ರಶ್ನೆಗೆ ಬಿದ್ದೆ.

ಹಳೆಯ ಕ್ರಮ ಎಂದರೆ ಅಮೆರಿಕ ವಾಯುಪಡೆಯ 1951ರ ಚಾರ್ಟು. ಮೂರು ಮೂರು ಗೆರೆಗಳು ಸಣ್ಣದಾಗುತ್ತ ಹೋಗುತ್ತವೆ. ಎಲ್ಲಿಯವರೆಗೆ ಬಿಡಿಬಿಡಿಯಾಗಿ ಕಾಣುತ್ತವೋ ಅದೇ ಮಿತಿ, ಮಿಲಿಮೀಟರಿಗೆ ಇಷ್ಟು ಗೆರೆಜೋಡಿ ಎಂದು. ಆದರೆ ಇಬ್ಬರು ನೋಡಿದರೆ ಎರಡು ಉತ್ತರ. ಇನ್ನೊಂದು ಕೊರತೆ, ಅತಿ ಸಣ್ಣ ಗೆರೆಯನ್ನು ಹೇಗೋ ಬಿಡಿಸಿ ತೋರಿಸುವ ಲೆನ್ಸ್ ದಪ್ಪ ಗೆರೆಯನ್ನೇ ಬೂದಾಗಿಸಿರಬಹುದು. ಆರ್‌ಸಿಎ ಕಂಪನಿಯ ಒಟ್ಟೊ ಶೇಡ್ ಟಿವಿಗಾಗಿ ಬೆಳೆಸಿದ ದಾರಿ ಬೇರೆ: ಗೆರೆ ಕಂಡಿತೇ ಎಂದಲ್ಲ, ಕಪ್ಪು ಬಿಳುಪಿನ ಅಂತರದಲ್ಲಿ ಎಷ್ಟು ಪಾಲು ಉಳಿಯಿತು ಎಂದು ಕೇಳುವುದು. ಅದೇ ಎಂಟಿಎಫ್. ಗೆರೆ ಸಣ್ಣದಾಗುತ್ತ ಹೋದಂತೆ ಆ ಪಾಲು ಅರ್ಧಕ್ಕೆ ಇಳಿಯುವ ಜಾಗ ಎಂಟಿಎಫ್50; ಅಂಕಿ ದೊಡ್ಡದಿದ್ದಷ್ಟೂ ಚಿತ್ರ ಶಾರ್ಪ್.

ಡಿಜಿಟಲ್ ಕ್ಯಾಮೆರಾಗಳಿಗೆ ಐಎಸ್‌ಒ 12233 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದದ್ದು 2000ದಲ್ಲಿ. ಅದರಲ್ಲಿನ ಓರೆ ಅಂಚಿನ ಉಪಾಯ ನನಗೆ ಬಹಳ ಇಷ್ಟ. ಅಂಚು ನೆಟ್ಟಗಿದ್ದರೆ ಅದು ಪಿಕ್ಸೆಲ್ ಮೇಲೆ ಎಲ್ಲಿ ಬಿತ್ತು ಎನ್ನುವುದರ ಮೇಲೆ ಫಲ ಬದಲಾಗುತ್ತದೆ. ಸುಮಾರು 5 ಡಿಗ್ರಿ ವಾಲಿಸಿದರೆ ಒಂದೊಂದು ಸಾಲಿನಲ್ಲೂ ತುಸು ತುಸು ಸರಿದು ಬೀಳುತ್ತದೆ. ಎಲ್ಲ ಸಾಲುಗಳನ್ನೂ ಒಟ್ಟಿಗೆ ಹೊಂದಿಸಿದರೆ, ಕಪ್ಪು ಬಿಳುಪಾಗುವ ಏರು ಪಿಕ್ಸೆಲ್‌ಗಿಂತ ಸಣ್ಣ ಹೆಜ್ಜೆಯಲ್ಲಿ ಸಿಗುತ್ತದೆ.

ಲೇಸರ್ ಪ್ರಿಂಟಿನ ಕಪ್ಪು ಚೌಕಗಳನ್ನು ಐದು ಕಡೆ ಓರೆಯಾಗಿ ಅಂಟಿಸಿ. ರಾ ಫೈಲೇ (ಕ್ಯಾಮೆರಾ ತಿದ್ದದ ಮೂಲ ಫೈಲು) ಬೇಕು. ಜೆಪೆಗ್‌ನಲ್ಲಿ ಕ್ಯಾಮೆರಾ ತಾನೇ ಅಂಚು ತೀಡಿ ಅಂಕಿ ಉಬ್ಬಿಸುತ್ತದೆ. ಎಂಟಿಎಫ್ ಮ್ಯಾಪರ್ ಎಂಬ ಉಚಿತ ತಂತ್ರಾಂಶ ಲೆಕ್ಕ ಮಾಡಿಕೊಡುತ್ತದೆ. ಎಫ್/16 ಬಿಡಿ, ಎಫ್/8 ಇಡಿ. ಎಫ್/16ರಲ್ಲಿ ವಿವರ್ತನೆಯಿಂದಾಗಿ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ) ಹಸಿರು ಬೆಳಕು ಮಿಲಿಮೀಟರಿಗೆ ಸುಮಾರು 114 ಗೆರೆಜೋಡಿ ದಾಟುವುದಿಲ್ಲ. ನಿಮ್ಮ ಸೆನ್ಸರ್ ಹತ್ತಿರ ಹತ್ತಿರ 128 ಹಿಡಿಯಬಲ್ಲದು.

ಹರಿಹರದ ಕ್ಯಾಮೆರಾ ರಿಪೇರಿ:
ಒಂದ್ಸಲ ಎಡ, ಒಂದ್ಸಲ ಬಲ ಅಂದ್ರೆ ಕ್ಯಾಮೆರಾ ಗೋಡೆಗೆ ನೇರ ನಿಂತಿಲ್ಲ ಅಣ್ಣ. ಗೋಡೆಗೆ ಒಂದು ಕನ್ನಡಿ ಚಪ್ಪಟೆಯಾಗಿ ಅಂಟಿಸ್ರಿ. ಅದರೊಳಗೆ ನಿಮ್ಮ ಲೆನ್ಸೇ ಫ್ರೇಮಿನ ನಟ್ಟನಡುವೆ ಕಾಣೋ ತನಕ ಟ್ರೈಪಾಡ್ ಸರಿಸ್ರಿ. ಫೋಟೊ ತೆಗೆದ ಮೇಲೆ ಕ್ಯಾಮೆರಾ ತಲೆಕೆಳಗೆ ಮಾಡಿ, ಅದೇ ಥರ ಹೊಂದಿಸಿ ಇನ್ನೊಂದು ತೆಗೀರಿ. ಮಸುಕು ಗೋಡೆಯ ಅದೇ ಕಡೆ ಉಳಿದ್ರೆ ನಿಲ್ಲಿಸಿದ್ದೇ ಓರೆ. ಗೋಡೆಯ ಆಚೆ ಕಡೆಗೆ ಹೋದ್ರೆ ಲೆನ್ಸ್ ಒಳಗಿನ ಗಾಜು ಸರಿದೈತೆ, ಇಲ್ಲಾ ಮೌಂಟ್ (ಬಾಡಿಗೆ ಲೆನ್ಸ್ ಕೂರೋ ಬಳೆ) ವಾಲೈತೆ.

ಮಂಡಿಪೇಟೆ ಸ್ಟುಡಿಯೊ:
ಪಕ್ಕದ ಸೆಲೂನಿಂದ ಕನ್ನಡಿ ತಂದು ಮಾಡಿದೆ. ಎಫ್/8ರಲ್ಲಿ ಎಂಟಿಎಫ್50 (ಪಿಕ್ಸೆಲ್‌ಗೆ ಇಷ್ಟು ಗೆರೆಜೋಡಿ ಅಂತ) ನಡುವೆ 0.27, ಎಡತುದಿ 0.21, ಬಲತುದಿ 0.10. ತಲೆಕೆಳಗೆ ಮಾಡಿದಾಗ ಮಸುಕು ಗೋಡೆಯ ಎಡಕ್ಕೆ ಹೋಯ್ತು. ಅದೇ ಬಾಡಿಗೆ ನನ್ನ ಹಳೇ ಲೆನ್ಸ್ ಹಾಕಿದ್ರೆ ಎರಡೂ ತುದಿ 0.19. ಅಂದ್ರೆ ಮೌಂಟ್ ಅಲ್ಲ, ಲೆನ್ಸೇ.

ಮೇಷ್ಟ್ರೇ, ಹರಿಹರದ ಅಣ್ಣಾ, ನಿಮ್ಮ ಉಪಕಾರ ಮರೆಯಲ್ಲ. ಬುಧವಾರ ಹಳೇ ಲೆನ್ಸ್ ಹಾಕ್ಕೊಂಡು ಶಾಲೆಗೆ ಮತ್ತೆ ಹೋಗ್ತೀನಿ, ದುಡ್ಡು ತಗೊಳ್ಳಲ್ಲ. ನಾಲ್ಕೂ ಸಾಲಿನ ತುದಿ ಮಕ್ಕಳ ಕಣ್ಣು ಜೂಮ್ ಮಾಡಿ ನೋಡಿದ ಮೇಲೇ ಅವರನ್ನ ಬೆಂಚಿಂದ ಇಳಿಸ್ತೀನಿ.