ನಕ್ಷೆಯಲ್ಲಿ ಜಯನಗರ ತುಂಬಾ ಚುಕ್ಕೆ, ಕೆ.ಜಿ. ಹಳ್ಳಿ ಖಾಲಿ: ಎಲ್ಲಿ ತಪ್ಪಿದೆ?

ಹನುಮಂತನಗರದ ಹುಡುಗಿ:
ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೆ ವರ್ಷ. ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆಗಳು ಎಲ್ಲಿ ಜಾಸ್ತಿ, ಎಲ್ಲಿ ಕಮ್ಮಿ ಅಂತ ನಕ್ಷೆ ಮಾಡುವುದು ನನ್ನ ಪ್ರಾಜೆಕ್ಟ್. ನೀತಿ ಆಯೋಗದ ಎನ್‌ಜಿಒ ದರ್ಪಣ್ ಪೋರ್ಟಲಿನಿಂದ ವಿಳಾಸಗಳನ್ನು ಒಂದೊಂದಾಗಿ ಎಕ್ಸೆಲ್‌ಗೆ ಇಳಿಸಿಕೊಂಡೆ. ಮೂರು ವಾರ ಹಿಡಿಯಿತು. ಪಿನ್‌ಕೋಡ್ ನೋಡಿ ಚುಕ್ಕೆ ಇಟ್ಟರೆ ಜಯನಗರ, ಮಲ್ಲೇಶ್ವರ, ಕೋರಮಂಗಲ ಕಪ್ಪಾಗಿ ಹೋದವು. ಕೆ.ಜಿ. ಹಳ್ಳಿ (ಕಾಡುಗೊಂಡನಹಳ್ಳಿ) ಕಡೆ ಏನೂ ಇಲ್ಲ ಅನ್ನುವಷ್ಟು ಖಾಲಿ. ಅಲ್ಲೇ ನಾನು ಫೀಲ್ಡ್‌ವರ್ಕ್ ಮಾಡಿದ್ದು. ಒಂದೇ ರಸ್ತೆಯಲ್ಲಿ ಎರಡು ಉಚಿತ ಟ್ಯೂಷನ್, ಒಂದು ಹೊಲಿಗೆ ಕ್ಲಾಸು ಕಣ್ಣಾರೆ ನೋಡಿದ್ದೇನೆ. ಇನ್ನೊಂದು ಕಡೆ, ಚಿಕ್ಕಪೇಟೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲೇ ಒಂಬತ್ತು ಸಂಸ್ಥೆ! ಗೈಡ್ ಮೇಡಂ "ಡೇಟಾದಲ್ಲಿ ಇರೋದನ್ನ ಬರಿ" ಅನ್ನುತ್ತಾರೆ. ಮನಸ್ಸು ಒಪ್ಪುತ್ತಿಲ್ಲ.

ಲೆಕ್ಕ ಬರೆಯುವವ:
ಆ ಎರಡನೇ ಮಹಡಿ ಆಡಿಟರ್ ಆಫೀಸಮ್ಮ. ಹೋಗಿ ನೋಡದೆಯೇ ಹೇಳುತ್ತೇನೆ. ಅಂಥದ್ದೇ ಒಂದು ಆಫೀಸಿನಲ್ಲಿ 22 ವರ್ಷ ಸಂಘಗಳ ಫೈಲು ಹೊತ್ತವನು ನಾನು.

1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಸೇರಿದರೆ ಸಂಘ ಆಗುತ್ತದೆ. ಜನ ಸಿಗುತ್ತಾರೆ, ವಿಳಾಸ ಸಿಗುವುದಿಲ್ಲ. ಸಣ್ಣ ಗಲ್ಲಿಯ ಬಾಡಿಗೆ ಮನೆಯ ಮಾಲೀಕರು ಒಪ್ಪಿಗೆ ಪತ್ರ ಕೊಡಲು ಹೆದರುತ್ತಾರೆ. ಆಗ ಅಧ್ಯಕ್ಷರ ಜಯನಗರದ ಮನೆ, ಇಲ್ಲವೇ ನಮ್ಮ ಆಫೀಸು. ಹಾಗಾಗಿ ನಿಮ್ಮ ನಕ್ಷೆ ತೋರಿಸುತ್ತಿರುವುದು ಕೆಲಸ ನಡೆಯುವ ಜಾಗವನ್ನಲ್ಲ, ಟಪಾಲು ಬರುವ ಜಾಗವನ್ನು.

ದರ್ಪಣ್ ಒಂದನ್ನೇ ನಂಬಬೇಡಿ. ಕೇಂದ್ರದ ಅನುದಾನ ಬೇಕಾದವರು ಅಲ್ಲಿ ಹೆಸರು ಹಾಕಿಸುತ್ತಾರೆ, ಬೇಡದವರಿಗೆ ಏನು ಗರಜು? ಸೊಸೈಟಿಗಳ, ಅಂದರೆ ನೋಂದಾಯಿತ ಸಂಘಗಳ, ಪಟ್ಟಿ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಹತ್ತಿರ ಇರುತ್ತದೆ, ಆರ್‌ಟಿಐ ಹಾಕಿ ಕೇಳಿ. ಸೆಕ್ಷನ್ 8 ಕಂಪನಿಗಳು (ಲಾಭಕ್ಕಲ್ಲದೆ ಸೇವೆಗೆ ಕಟ್ಟಿದವು) ಕಂಪನಿ ರಿಜಿಸ್ಟ್ರಾರ್ ಲೆಕ್ಕದಲ್ಲಿ. ಟ್ರಸ್ಟ್‌ಗಳದ್ದೇ ತಲೆನೋವು. ಸ್ಥಿರಾಸ್ತಿ ಸೇರಿರದ ಟ್ರಸ್ಟಿನ ಡೀಡು (ಪತ್ರ) ಸಬ್‌ರಿಜಿಸ್ಟ್ರಾರ್ ಆಫೀಸಿನ ನಾಲ್ಕನೇ ಪುಸ್ತಕಕ್ಕೆ ಹೋಗುತ್ತದೆ, ಅದರ ನಕಲು ಬರೆದುಕೊಟ್ಟವರಿಗೆ ಬಿಟ್ಟು ಹೊರಗಿನವರಿಗೆ ಸಿಗುವುದಿಲ್ಲ. ಒಂದೇ ಸಂಸ್ಥೆ ನಾಲ್ಕು ಪಟ್ಟಿಯಲ್ಲಿ ನಾಲ್ಕು ಥರ ಸ್ಪೆಲ್ಲಿಂಗಿನಲ್ಲಿ ಇರುತ್ತದೆ. ಪ್ಯಾನ್ ನಂಬರ್ ಸಿಕ್ಕಿದರೆ ಅದರಿಂದ ತಾಳೆ ನೋಡಿ.

ಸತ್ತ ಸಂಘಗಳೂ ಸಂಘಗಳ ನೋಂದಣಿ ಪುಸ್ತಕದಲ್ಲಿ ಹಾಗೇ ಕೂತಿರುತ್ತವೆ. ಕೇಂದ್ರ ಅಂಕಿಅಂಶ ಕಚೇರಿ 2012ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ ಕಾಗದದ ಮೇಲೆ 31 ಲಕ್ಷ ಸೊಸೈಟಿ ಇದ್ದವು. ಹುಡುಕಿಕೊಂಡು ಹೋದವರಿಗೆ ಸಿಕ್ಕಿದ್ದು 7 ಲಕ್ಷದ ಒಳಗೆ! ಅದಕ್ಕೇ ರಿಜಿಸ್ಟ್ರಾರ್‌ಗೆ ಕೊನೆಯ ಸಲ ವರ್ಷದ ಲೆಕ್ಕ ಯಾವಾಗ ಕೊಟ್ಟರು ಅನ್ನುವುದನ್ನೂ ಕೇಳಿ. ಅಪಾರ್ಟ್‌ಮೆಂಟ್ ಸಂಘ, ಜಾತಿ ಸಂಘ, ನವೆಂಬರ್‌ನಲ್ಲಿ ಮಾತ್ರ ಎದ್ದು ಕೂರುವ ಕನ್ನಡ ಸಂಘ (ನಾನೂ ಒಂದರ ಖಜಾಂಚಿ!) ಎಲ್ಲವೂ ಅದೇ ಪುಸ್ತಕದಲ್ಲಿವೆ. ಯಾವುದನ್ನು ಬಿಡುತ್ತೀರಿ ಅಂತ ಮೊದಲೇ ಬರೆದಿಟ್ಟುಕೊಳ್ಳಿ.

ನಕ್ಷೆ ಹುಚ್ಚ:
ವಾರ್ಡ್ ಪ್ರಕಾರ ಮಾಡಲು ಹೋಗಬೇಡಿ ಅನ್ನುತ್ತಿದ್ದೆ, ಆದರೆ ಜನಸಂಖ್ಯೆ ಬೇಕಲ್ವಾ? 2011ರ ಜನಗಣತಿ ಇರುವುದು ಹಳೆಯ 198 ವಾರ್ಡ್‌ಗಳಿಗೆ. 2023ರಲ್ಲಿ ಅದು 225 ಆಯಿತು, 2025ರಲ್ಲಿ ಪಾಲಿಕೆಯೇ ಐದಾಯಿತು. ಹಳೆಯ 198ರ ಗಡಿಯನ್ನೇ ಇಟ್ಟುಕೊಳ್ಳಿ, ಹಾಗಂತ ನಕ್ಷೆಯ ಮೇಲೆ ಬರೆಯಿರಿ. ಹಳೇ ಫೈಲುಗಳಲ್ಲಿ ಕನಕಪುರ, ಮಾಗಡಿ ಬೆಂಗಳೂರು ಗ್ರಾಮಾಂತರದಲ್ಲಿರುತ್ತವೆ. ಅವು ಸೇರಿದ ರಾಮನಗರ ಜಿಲ್ಲೆ ಆಗಿದ್ದು 2007ರಲ್ಲಿ. ಬೆಂಗಳೂರು ಅಂತ ಇದೆ ಎಂದು ಅವನ್ನು ನಗರದ ಲೆಕ್ಕಕ್ಕೆ ಸೇರಿಸಬೇಡಿ.

ಹೊಲಿಗೆ ಅಕ್ಕ:
ಕೆ.ಜಿ. ಹಳ್ಳಿಯಲ್ಲಿ ಕ್ಲಾಸು ನಡೆಸುವವರಲ್ಲಿ ನಾನೂ ಒಬ್ಬಳು. ನಮ್ಮದು ನೋಂದಣಿಯೇ ಆಗಿಲ್ಲ. ಆರು ಮಷೀನು, ಒಂದು ಹಾಜರಿ ಪುಸ್ತಕ ಅಷ್ಟೇ. ನಿಮ್ಮ ನಕ್ಷೆಯಲ್ಲಿ ನಾವು ಎಲ್ಲಿ ಬರುತ್ತೇವೆ?

ಹನುಮಂತನಗರದ ಹುಡುಗಿ:
ಅಕ್ಕಾ, ನಿಮ್ಮಂಥವರಿಗೆ ಬೇರೆ ಬಣ್ಣದ ಚುಕ್ಕೆ ಇಡುತ್ತೇನೆ. ಶನಿವಾರ ಬರಲಾ? ಒಂದು ವಾರ್ಡಿನಲ್ಲಾದರೂ ನಡೆದುಕೊಂಡು ಲೆಕ್ಕ ಹಾಕಿ ಪಟ್ಟಿಯ ಪಕ್ಕ ಇಡುತ್ತೇನೆ ಅಂತ ಮೇಡಂಗೆ ಹೇಳಿ ಒಪ್ಪಿಸಿದ್ದೇನೆ.

ಸರ್, ನಿನ್ನೆ ಚಿಕ್ಕಪೇಟೆಗೆ ಹೋಗಿದ್ದೆ. ಆಡಿಟರ್ ಆಫೀಸೇ. ಸಂಸ್ಥೆಗಳದ್ದು ಒಂದು ಬೋರ್ಡೂ ಇಲ್ಲ. ಅಲ್ಲಿನ ಹುಡುಗ ಬಿಸ್ಕತ್ ಡಬ್ಬ ತೆಗೆದು ರಬ್ಬರ್ ಸ್ಟಾಂಪುಗಳನ್ನು ಮೇಜಿನ ಮೇಲೆ ಸುರಿದ. ಎಣಿಸಿದೆ. ಒಂಬತ್ತಲ್ಲ, ಹದಿನಾಲ್ಕು.