ಮೆಡಿಕಲ್ ಫಿಟ್ ಆಗಿದೆ, ಮೆರಿಟ್ ಲಿಸ್ಟ್ ಬಂದಿಲ್ಲ. ಕೆಲಸಕ್ಕೆ ಸೇರಲೋ, ಕಾಯಲೋ?

ಬೆಟಗೇರಿ ಹುಡುಗಿ: ವಾಯುಪಡೆಯ ಫ್ಲೈಯಿಂಗ್ ಬ್ರಾಂಚಿಗೆ ಅರ್ಜಿ ಹಾಕಿದ್ದೆ. ಎಎಫ್‌ಕ್ಯಾಟ್ ಅನ್ನೋ ಪ್ರವೇಶ ಪರೀಕ್ಷೆ ಆಯಿತು. ಮೈಸೂರಿನ ಆಯ್ಕೆ ಬೋರ್ಡಿನಲ್ಲಿ ರೆಕಮೆಂಡ್ ಆದೆ. ಪೈಲಟ್ ಆಗುವವರಿಗೆ ಕಂಪ್ಯೂಟರಿನಲ್ಲಿ ನಡೆಸುವ ಸಿಪಿಎಸ್‌ಎಸ್ ಪರೀಕ್ಷೆ ಪಾಸು, ಮೆಡಿಕಲ್ ಫಿಟ್. ಈಗ ಮೆರಿಟ್ ಲಿಸ್ಟ್ ಕಾಯುತ್ತಿದ್ದೇನೆ. ಅಷ್ಟರಲ್ಲಿ ಹುಬ್ಬಳ್ಳಿಯ ಒಂದು ಕಂಪನಿ ಕರೆದಿದೆ. ಎರಡು ವರ್ಷದ ಬಾಂಡ್, ಮುರಿದರೆ 1 ಲಕ್ಷ ಕಟ್ಟಬೇಕು. ಸೋಮವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. ಈ ಕೋರ್ಸ್ ತಪ್ಪಿದರೆ ಫ್ಲೈಯಿಂಗ್‌ಗೆ ನನ್ನ ವಯಸ್ಸು ಮೀರುತ್ತದೆ. ಹೀಗೆ ಕಾದವರು ದಯವಿಟ್ಟು ಅನುಭವ ಹೇಳಿ.

ಸಪ್ತಾಪುರ ಬಾವಿ: ಮೆರಿಟ್ ಔಟ್ ಅಂದ್ರೆ ಏನು ಅಂತ ನನ್ನನ್ನು ಕೇಳಿ. ಮೂರು ಸಲ ಮೈಸೂರಿಗೆ ಹೋದೆ. ಮೊದಲ ಸಲ ಮೊದಲ ದಿನವೇ ಸ್ಕ್ರೀನ್ ಔಟ್, ಮಧ್ಯಾಹ್ನ ಊಟ ಹಾಕಿ ಸ್ಟೇಷನ್ನಿಗೆ ಬಿಟ್ಟರು. ಎರಡನೇ ಸಲ ಐದೂ ದಿನ ಇದ್ದು ಕಾನ್ಫರೆನ್ಸ್ ಔಟ್, ಅಂದ್ರೆ ಕೊನೇ ದಿನದ ಸಭೆಯಲ್ಲಿ ಕೈಬಿಟ್ಟರು. ರೈಲಿನ ದುಡ್ಡು ಕೊಡುವುದು ಮೊದಲ ಸಲ ಮಾತ್ರ, ಆಮೇಲಿನದೆಲ್ಲ ನಮ್ಮ ಕಿಸೆಯದೇ. ಮೂರನೇ ಸಲ ರೆಕಮೆಂಡ್ ಆದೆ. ಮೆಡಿಕಲ್‌ಗೆ ದಿಲ್ಲಿ. ಹೋಗುವಾಗ ಸ್ಲೀಪರ್, ಬರುವಾಗ ತತ್ಕಾಲ್. ಲಾಡ್ಜಿಗೆ ದಿನಕ್ಕೆ 900ರಂತೆ ಆರು ದಿನ. ಹೊರಗೆ ಹಲ್ಲು ಸ್ವಚ್ಛ ಮಾಡಿಸಿದ್ದು 1,500, ಕಿವಿಯ ಗುಗ್ಗೆ ತೆಗೆಸಿದ್ದು 600. ಡೈರಿಯಲ್ಲಿ ಬರೆದಿಟ್ಟಿದ್ದೇನೆ, ಒಟ್ಟು 31,740.

ಫಿಟ್ ಆದೆ. ಬೆಂಗಳೂರಿನ ಕೆಲಸ ಬಿಟ್ಟು ಧಾರವಾಡಕ್ಕೆ ಬಂದೆ. ದುಂಡಿಗಲ್‌ನ ವಾಯುಪಡೆ ಅಕಾಡೆಮಿಗೆ ಕಪ್ಪು ಟ್ರಂಕು ಬೇಕಾಗುತ್ತದೆ ಅಂತ ಸೀನಿಯರ್ ಒಬ್ಬ ಹೇಳಿದ. ಒಂದು ಕೊಂಡು ತಂದೆ. ಬಿಳಿ ಬಣ್ಣದಲ್ಲಿ ಹೆಸರೂ ಬರೆಸಿದೆ. ಲಿಸ್ಟ್ ಬಂತು, ನನ್ನ ಹೆಸರಿಲ್ಲ. ಫಿಟ್ ಆದವರು ಜಾಸ್ತಿ, ಸೀಟು ಕಡಿಮೆ. ರಿಟನ್ನು, ಬೋರ್ಡು ಎರಡರ ಅಂಕ ಕೂಡಿಸುತ್ತಾರೆ. 300ಕ್ಕೆ ಬರೆಯುವ ಪೇಪರಿನಲ್ಲಿ ಒಂದು ತಪ್ಪಿಗೆ 1 ಅಂಕ ಹೋಗುತ್ತದೆ. ನಾನು ಸುಮ್ನೆ ಊಹಿಸಿ ಹೊಡೆದ ಪ್ರಶ್ನೆಗಳು ಈಗಲೂ ರಾತ್ರಿ ನೆನಪಾಗುತ್ತವೆ. ಟ್ರಂಕಿನಲ್ಲಿ ಅವ್ವ ಜೋಳ ಹಾಕಿಟ್ಟಿದ್ದಾಳೆ. ದಿನಾ ನನ್ನ ಹೆಸರಿನ ಮುಚ್ಚಳ ತೆಗೆದು ರೊಟ್ಟಿಗೆ ಅಳೆದುಕೊಳ್ಳುತ್ತಾಳೆ.

ಬ್ಯಾಡಗಿ ಅಪ್ಪ: ಲಿಸ್ಟ್ ಬರುವ ಮೊದಲೇ ಟ್ರಂಕು ಯಾಕೆ ತಂದ್ರಿ? ಇರಲಿ. ನನ್ನದು ಮಗಳ ಮೂಗಿನ ಕಥೆ. ರೆಕಮೆಂಡ್ ಆಗಿ ಮೆಡಿಕಲ್‌ಗೆ ಹೋದರೆ ಮೂಗಿನ ಎಲುಬು ಸೊಟ್ಟ ಅಂತ ಟೆಂಪರರಿ ಅನ್‌ಫಿಟ್ ಮಾಡಿದರು. ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿಸಿದೆವು. ಮೊದಲು 45,000 ಅಂದಿದ್ದರು. ಬಿಲ್ ಬಂದಾಗ 68,400. ಕೋಲ್ಡ್ ಸ್ಟೋರೇಜಿನಲ್ಲಿಟ್ಟ ಮೆಣಸಿನಕಾಯಿ ತೆಗೆದು ಮಾರಿದೆ. 11 ಚೀಲ, ಹತ್ತತ್ತಿರ ನಾಲ್ಕು ಕ್ವಿಂಟಲ್. ಸಿಕ್ಕಿದ್ದು ಕ್ವಿಂಟಲಿಗೆ 17,000. ಎರಡು ವಾರ ಕಳೆದ ಮೇಲೆ ಅದೇ ಮಾಲು, ಅದೇ ದಲಾಲಿ ಅಂಗಡಿ, 23,000! ಆಪರೇಷನ್ ಮುಂದೂಡುವ ಹಾಗಿರಲಿಲ್ಲ, ಅಪೀಲ್ ಬೋರ್ಡಿನ ಮರುತಪಾಸಣೆ ದಿನ ಹತ್ತಿರ ಬಂದಿತ್ತು. ಅಲ್ಲಿ ಡಾಕ್ಟರು ಬ್ಯಾಟರಿ ಹಿಡಿದು ಎರಡು ನಿಮಿಷ ನೋಡಿ ಫಿಟ್ ಅಂದರು. ಎರಡು ನಿಮಿಷಕ್ಕೆ ನನ್ನ 24,000 ಲುಕ್ಸಾನು.

ಅವಳ ಎತ್ತರ 163, ಅದು ಸಾಕಿತ್ತು. ಆದರೆ ಪೈಲಟ್‌ಗೆ ಕಾಲಿನ ಉದ್ದ 99 ಸೆಂಟಿಮೀಟರ್ ಬೇಕು, ಅವಳದು 98. ಅರ್ಜಿಯಲ್ಲಿ ಗ್ರೌಂಡ್ ಡ್ಯೂಟಿ, ಅಂದ್ರೆ ನೆಲದ ಮೇಲಿನ ಕೆಲಸವನ್ನೂ ತುಂಬಿದ್ದಳು, ಅದರಲ್ಲಿ ಹೆಸರು ಬಂತು. ಈಗ ಆಫೀಸರ್. ಕಾಯುವಾಗ ಮನೆಯಲ್ಲೇ ಇದ್ದಳು, ಯಾವ ಕಂಪನಿಗೂ ಸೇರಲಿಲ್ಲ.

ಸಪ್ತಾಪುರ ಬಾವಿ: ಗ್ರೌಂಡ್ ಡ್ಯೂಟಿಯವರ ಅಪ್ಪ ಪೈಲಟ್ ಸೀಟಿಗೆ ಕಾದವನಿಗೆ ಬುದ್ಧಿ ಹೇಳುವುದೇನು ಬೇಡ. ಕಚೇರಿಯಲ್ಲಿ ಕೂತು ಕಡತ ನೋಡುವುದಕ್ಕೂ ಹಾರುವುದಕ್ಕೂ ಎಲ್ಲಿಗೆಲ್ಲಿಯ ಸಂಬಂಧ?

ಬ್ಯಾಡಗಿ ಅಪ್ಪ: ತಮ್ಮಾ, ನಾಲಿಗೆ ಹಿಡಿದು ಮಾತಾಡು. ಆಡಳಿತ ಬ್ರಾಂಚಿನವರಲ್ಲೇ ಎಟಿಸಿಯವರು, ಫೈಟರ್ ಕಂಟ್ರೋಲರ್‌ಗಳು ಇರುತ್ತಾರೆ. ವಿಮಾನ ಯಾವಾಗ ಇಳಿಯಬೇಕು ಅಂತ ನಿನ್ನ ಪೈಲಟ್‌ಗೆ ಹೇಳುವವರೇ ಅವರು. ನೀನು ಮೊದಲು ಜೋಳ ಕಾಯಿ.

ಉಣಕಲ್ ಕೆರೆ ದಂಡೆ: ಗಂಡಸರ ಜಗಳ ಇರಲಿ. ನೋಡವ್ವಾ, ನಿನ್ನ ಸಿಪಿಎಸ್‌ಎಸ್ ಆಯಿತಲ್ಲ, ಅದೇ ದೊಡ್ಡದು. ನನ್ನ ಮಗನದು ಅಲ್ಲೇ ನಿಂತಿತು. ಕೈಯಲ್ಲಿ ಜಾಯ್‌ಸ್ಟಿಕ್, ಕಾಲಲ್ಲಿ ಪೆಡಲ್, ಕಣ್ಣು ಪರದೆ ಮೇಲೆ. ಜೀವನದಲ್ಲಿ ಒಂದೇ ಸಲ. ಫೇಲಾದರೆ ಫ್ಲೈಯಿಂಗ್ ಬಾಗಿಲು ಕಾಯಂ ಬಂದ್. ಆವತ್ತು ಅವನಿಗೆ 101 ಜ್ವರ ಇತ್ತು, ಡೋಲೋ ನುಂಗಿ ಕೂತ. ಮುಂದಕ್ಕೆ ಹಾಕಿ ಅಂತ ಕೇಳಬಹುದಿತ್ತೋ ಏನೋ, ಕೇಳಲಿಲ್ಲ. ಈ ಒಂದು ಮಾತಿಗೆ ನಾನೂ ಅವನೂ ನಾಲ್ಕು ತಿಂಗಳು ಮಾತು ಬಿಟ್ಟಿದ್ದೆವು.

ಧಾರವಾಡದ ಒಂದು ಕೋಚಿಂಗಿಗೆ ಅದಕ್ಕೆ ಮೊದಲೇ 45,000 ಸುರಿದಿದ್ದೆ. ಅಲ್ಲಿ ಕಲಿಸಿದ್ದೇನು? ಪಿಪಿಡಿಟಿಯಲ್ಲಿ ಮಸುಕು ಚಿತ್ರ ತೋರಿಸಿ ಕಥೆ ಬರೆಸುತ್ತಾರಲ್ಲ, ಅದಕ್ಕೆ ಒಂದು ರೆಡಿಮೇಡ್ ಕಥೆ. ಊರಿನ ಯುವಕ ಗೆಳೆಯರನ್ನು ಸೇರಿಸಿ ಕೆರೆಯ ಹೂಳು ತೆಗೆಸಿದ. ಮೈಸೂರಿಗೆ ಹೋದರೆ ಒಂದೇ ಗುಂಪಿನಲ್ಲಿ ನಾಲ್ವರು ಅದೇ ಕೆರೆ, ಅದೇ ಹೂಳು! ಎಲ್ಲರೂ ನಮ್ಮ ಕಡೆಯವರೇ.

ಹಳೇ ಕೆಡೆಟ್: ಕೋಚಿಂಗಿಗೆ ಬಯ್ಯುವುದು ಸುಲಭ ಅಕ್ಕಾರ. ನಾನು ಹಾವೇರಿ ಕಡೆಯವನು, ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂ. ಗ್ರೂಪ್ ಡಿಸ್ಕಷನ್‌ನಲ್ಲಿ ದಿಲ್ಲಿ ಹುಡುಗರು ಬಾಯಿ ತೆಗೆದರೆ ನನಗೆ ‘ಐ ಥಿಂಕ್’ ಆದ ಮೇಲೆ ಮುಂದಿನ ಪದ ಬರುತ್ತಿರಲಿಲ್ಲ. ಪದ ತೋರಿಸಿ ವಾಕ್ಯ ಬರೆಸುವ ವರ್ಡ್ ಟೆಸ್ಟಿನಲ್ಲಿ 60 ಪದ, ಒಂದೊಂದಕ್ಕೆ 15 ಸೆಕೆಂಡ್. ನಾನು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವಷ್ಟರಲ್ಲಿ ಮೂರು ಪದ ದಾಟಿರುತ್ತಿದ್ದವು. ಆರು ತಿಂಗಳ ಕೋಚಿಂಗ್ ಇಲ್ಲದಿದ್ದರೆ ಕಾನ್ಫರೆನ್ಸ್ ಕೋಣೆ ನೋಡುತ್ತಲೇ ಇರಲಿಲ್ಲ.

ಉಣಕಲ್ ಕೆರೆ ದಂಡೆ: ನೋಡಿ ಏನು ಮಾಡಿದ್ರಿ? ಸೆಲೆಕ್ಟ್ ಆದ್ರಾ?

ಹಳೇ ಕೆಡೆಟ್: ಆಗಲಿಲ್ಲ. ಅದು ಬೇರೆ ವಿಷಯ.

ಉಣಕಲ್ ಕೆರೆ ದಂಡೆ: ಈಗ ಕೋಚಿಂಗ್ ಕ್ಲಾಸು ನಡೆಸ್ತೀರಿ, ಅಲ್ವಾ?

ಹಳೇ ಕೆಡೆಟ್: ಭಾನುವಾರ ಮಾತ್ರ. ಅದರಲ್ಲಿ ತಪ್ಪೇನು?

ಬ್ಯಾಡಗಿ ಅಪ್ಪ: ಕೆರೆ ಹೂಳಿನ ಕಥೆ ನೀವೇ ಬರೆದದ್ದಿರಬೇಕು.

ಸಪ್ತಾಪುರ ಬಾವಿ: ಇದೊಂದರಲ್ಲಿ ಬ್ಯಾಡಗಿಯವರ ಮಾತಿಗೆ ನನ್ನ ಸಹಿ. ಇನ್ನೊಂದು, ಇಷ್ಟೆಲ್ಲ ಒದ್ದಾಡಿ ಸಿಗುವುದು ಶಾರ್ಟ್ ಸರ್ವಿಸ್. ಫ್ಲೈಯಿಂಗ್‌ಗೆ 14 ವರ್ಷ, ಆಮೇಲೆ ಪೆನ್ಷನ್ ಇಲ್ಲ. ಅದನ್ನು ಯಾರೂ ಹೇಳುವುದಿಲ್ಲ.

ಬ್ಯಾಡಗಿ ಅಪ್ಪ: ದ್ರಾಕ್ಷಿ ಹುಳಿ.

ಬೆಟಗೇರಿ ಹುಡುಗಿ: ಎಲ್ಲರಿಗೂ ಧನ್ಯವಾದ. ಬಾಂಡಿನ ಬಗ್ಗೆ ಯಾರೂ ಹೇಳಲಿಲ್ಲ. ನಾಳೆಯೇ ಸೋಮವಾರ. ಅಪ್ಪ ಮಗ್ಗದ ಮುಂದೆ ಕೂತಿದ್ದಾನೆ, ಎರಡು ದಿನದಿಂದ ಏನೂ ಕೇಳುತ್ತಿಲ್ಲ. ಕೇಳಿದರೆ ಒಳ್ಳೆಯದಿತ್ತು.

ಉಣಕಲ್ ಕೆರೆ ದಂಡೆ: ಕಂಪನಿಯವರನ್ನು ಹದಿನೈದು ದಿನ ಕೇಳು ತಾಯಿ. ಬಾಯಿಬಿಟ್ಟು ಕೇಳು. ನನ್ನ ಮಗ ಆವತ್ತು ಜ್ವರ ಅಂತ ಒಂದು ಮಾತು...

ಹಳೇ ಕೆಡೆಟ್: ಅಕ್ಕಾರ, ಮತ್ತೆ ಜ್ವರದ ಕಥೆ ಬೇಡ. ಮತ್ತೆ ಆ ಕೆರೆ ಕಥೆ ನನ್ನದಲ್ಲ, ನನ್ನದು ಶಾಲೆ ಕಟ್ಟಡದ ಕಥೆ.

ರಾಣೆಬೆನ್ನೂರು ರಾತ್ರಿಪಾಳಿ: ಸಪ್ತಾಪುರದ ಅಣ್ಣಾರ, ನನ್ನ ತಮ್ಮನಿಗೆ ಜಾಯಿನಿಂಗ್ ಲೆಟರ್ ಬಂದಿದೆ. ಆ ಟ್ರಂಕು ಕೊಡ್ತೀರಾ? ಎಷ್ಟು ಹೇಳ್ತೀರಿ?

ಸಪ್ತಾಪುರ ಬಾವಿ: 1,200ಕ್ಕೆ ತಂದದ್ದು, 800 ಕೊಡಿ. ಜೋಳ ಖಾಲಿಯಾಗಲು ಇನ್ನೂ ಹದಿನೈದು ದಿನ ಬೇಕು. ಹೆಸರು ಮಾತ್ರ ನೀವೇ ಕೆರೆದು ತೆಗೆದುಕೊಳ್ಳಿ, ನನ್ನ ಕೈಯಲ್ಲಿ ಆಗುವುದಿಲ್ಲ.